ಗುಡ್ಡದ ಮೇಲೊಂದು ಹಕಾರ

ದೂರದಿಂದ ನೋಡಿದರೆ ಆ ಗುಡ್ಡಕ್ಕೆ ಏನೂ ಆಗಿರಲಿಲ್ಲ. ಮಳೆಗಾಲ ಮುಗಿದು ಇನ್ನೂ ಎಲೆ ಉದುರದ ದಿನಗಳು. ಬುಡದಿಂದ ತುದಿಯವರೆಗೆ ಹಸಿರು ಹೊದ್ದುಕೊಂಡು ಕೂತಿತ್ತು. ಜೊತೆಗೆ ಬಂದಿದ್ದ ಪಂಚಾಯಿತಿ ಅಧ್ಯಕ್ಷರು ಕೈಯೆತ್ತಿ ತೋರಿಸಿ, ಇದರಲ್ಲಿ ಅಳೆಯುವುದಕ್ಕೆ ಏನಿದೆ ಮೇಡಂ, ಕಣ್ಣಿಗೇ ಕಾಣುತ್ತಲ್ಲ ಅಂದರು. ಮರ ಅಳೆಯುವ ಕೆಲಸ ಹಿಡಿದ ಮೇಲೆ ಈ ಮಾತನ್ನು ನಾನು ಎಷ್ಟು ಊರುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕಣ್ಣಿಗೆ ಕಾಣುವುದು ಮೇಲಿನ ಹೊದಿಕೆ ಮಾತ್ರ. ಅದರಡಿಯಲ್ಲಿ ಯಾವ ಜಾತಿಯ ಮರ ಎಷ್ಟಿದೆ, ಯಾವುದರ ಸಸಿ ಏಳುತ್ತಿದೆ, ಯಾವುದರದು ಏಳುತ್ತಿಲ್ಲ ಎಂಬುದನ್ನು ತಿಳಿಯಬೇಕಾದರೆ ಮುಳ್ಳು ಕಂಟಿಯೊಳಗೆ ಮೊಣಕಾಲೂರಿ ನುಗ್ಗಲೇಬೇಕು. ಅವರಿಗೆ ಅದನ್ನೆಲ್ಲ ವಿವರಿಸದೆ, ಅಳೆದ ಮೇಲೆ ಹೇಳುತ್ತೇನೆ ಬಿಡಿ ಅಂದೆ.

ಗುಡ್ಡ ಇದ್ದದ್ದು ಪಾಂಡವಪುರದ ನಾಲೆ ನೀರು ಮುಗಿದು ನಾಗಮಂಗಲದ ಬೆದ್ದಲು ಶುರುವಾಗುವ ಕಡೆ. ದಕ್ಷಿಣದ ಬುಡದಲ್ಲಿ ಕಬ್ಬಿನ ಗದ್ದೆ, ಉತ್ತರಕ್ಕೆ ಇಳಿದರೆ ರಾಗಿ ಹೊಲ, ಹುರುಳಿ ಹೊಲ. ಊರ ಸಾಮಾನ್ಯ ಗುಡ್ಡ ಅದು. ದನ ಮೇಯುವುದು, ಒಣ ಸೌದೆ ತರುವುದು ತಲೆತಲಾಂತರದ ರೂಢಿ. ಆದರೆ ಈಚೆಗೆ ಹಸಿ ಮರ ಹೋಗುತ್ತಿದೆ ಎಂಬ ದೂರು ಇಲಾಖೆಗೆ ಹೋಗಿತ್ತು. ಯಾರೂ ಗುಡ್ಡವನ್ನು ಬೋಳಿಸುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಆಯ್ದು ಕಡಿಯುತ್ತಿದ್ದರು. ಹಾಗೆ ಆಯ್ದು ಕಡಿದರೆ ಕಾಡಿಗೆ ಏನಾಗುತ್ತದೆ, ಕಡಿಯುತ್ತಿರುವವರು ಯಾರು ಎಂದು ನೋಡಿ ವರದಿ ಕೊಡುವುದು ನಮ್ಮ ಸಣ್ಣ ಸಂಸ್ಥೆಯ ಪಾಲಿಗೆ ಬಂದಿತ್ತು.

ಹೋದವರು ಇಬ್ಬರು. ನಾನು ಮರ, ಸಸಿ, ಬೊಡ್ಡೆ ಅಳೆಯುವವಳು. ಧಾರವಾಡದಿಂದ ಬಂದ ನನ್ನ ಸಹೋದ್ಯೋಗಿ ಮನೆಮನೆಗೆ ಹೋಗಿ ಜನರನ್ನು ಕೇಳಿ ಬರೆದುಕೊಳ್ಳುವವನು. ಅಚ್ಚುಕಟ್ಟಿನ ಮನುಷ್ಯ, ಪೆನ್ನಿಗೆ ಕ್ಯಾಪು ಹಾಕದೆ ಜೇಬಿಗಿಟ್ಟವನಲ್ಲ. ನಮ್ಮ ಸೀಮೆಗೆ ಅದೇ ಮೊದಲ ಸಲ ಬಂದಿದ್ದ. ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿ ಮೊದಲ ದಿನವೇ ಅವನನ್ನು, "ಆಲು ಕಾಯ್ಸಿವ್ನಿ, ಕುಡೀತೀಯೇನಪ್ಪ?" ಎಂದು ಕೇಳಿದ್ದರು. ಅವನು ಆಲೂಗಡ್ಡೆಯನ್ನು ಕುಡಿಯುವುದು ಹೇಗೆ ಎಂದು ನನ್ನ ಮುಖ ನೋಡಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಶ್ರೀರಂಗಪಟ್ಟಣದ ಪಕ್ಕದಲ್ಲಿ, ಬಾಗಿಲು ತೆಗೆದರೆ ಕರಿಘಟ್ಟ ಕಾಣುವ ಊರಿನಲ್ಲಿ ಹುಟ್ಟಿದವಳು ನಾನು. ನಮ್ಮ ಕಡೆ 'ಹ' ಅನ್ನುವ ಅಕ್ಷರ ಶಾಲೆಯ ಕರಿಹಲಗೆ ಬಿಟ್ಟು ಆಚೆಗೆ ಬರುವುದು ಕಡಿಮೆ.

ಗುಡ್ಡವನ್ನು ಪೂರ್ತಿ ಅಳೆಯಲು ಆಗುವುದಿಲ್ಲ. ಹಗ್ಗ ಕಟ್ಟಿ ಚೌಕಗಳನ್ನು ಮಾಡಿಕೊಳ್ಳುತ್ತೇವೆ. ಚೌಕದೊಳಗಿನ ಪ್ರತಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ಟೇಪಿನಿಂದ ಹಿಡಿದು, ಹೆಸರು ಬರೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಮುಂದಕ್ಕೆ ಹೋಗುವುದು. ಚೌಕದ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕ, ಅದರಲ್ಲಿ ಸಸಿಗಳ ಎಣಿಕೆ. ನಡುವೆ ನಿಂತು ಕತ್ತೆತ್ತಿ ಎಷ್ಟು ಆಕಾಶ ಕಾಣುತ್ತದೆಂದು ನೋಡುವುದು. ಕಡಿದ ಬೊಡ್ಡೆ ಸಿಕ್ಕರೆ ಅದರ ದಪ್ಪ, ಎತ್ತರ. ಕೇಳಲು ಸಲೀಸು. ಮಾಡಲು ಹೊರಟಾಗ ರೋಜವಾಳದ ಪೊದೆ ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೇ ಹಿಡಿದೆಳೆಯುತ್ತದೆ. ಊರಿನವರು ಲಂಟಾನಕ್ಕೆ ಆ ಚಂದದ ಹೆಸರಿಟ್ಟಿದ್ದಾರೆ. ನಾನು ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೊದಲ ವಾರದ ಕೆಲಸ ನೀರುಪಾಲಾಯಿತು. ಗಾಡಿದಾರಿ ಹತ್ತಿರವಿತ್ತೆಂದು ಚೌಕಗಳು ಅದರ ಅಂಚಿಗೇ ಬಿದ್ದಿದ್ದವು. ದಾರಿಯಂಚಿನಲ್ಲಿ ದನ ತುಳಿದಿರುತ್ತದೆ, ಸೌದೆಯವರು ಮುರಿದಿರುತ್ತಾರೆ. ಅಲ್ಲಿ ಅಳೆದರೆ ಗುಡ್ಡದ ಕಥೆ ಸಿಗುವುದಿಲ್ಲ, ದಾರಿಯ ಕಥೆ ಸಿಗುತ್ತದೆ. ಹಗ್ಗವೆಲ್ಲ ಬಿಚ್ಚಿ ಇಳಿಜಾರಿಗೆ ಅಡ್ಡಲಾಗಿ, ಬುಡದಿಂದ ನೆತ್ತಿಗೆ ಹೊಸದಾಗಿ ಸಾಲು ಹಾಕಿಸಿದೆ. ಹೋಲಿಸಿ ನೋಡಲು ಕೊಡಲಿ ಅಷ್ಟಾಗಿ ಬೀಳದ ಜಾಗಗಳೂ ಬೇಕಿದ್ದವು. ಕರಿಘಟ್ಟದ ಒಂದು ಇಳಿಜಾರು, ಸಂತೆಬಾಚಹಳ್ಳಿ ಆಚೆಯ ಒಂದು ಬೋರೆ, ದೇವಲಾಪುರದ ಕಡೆಯ ಒಂದು ಕುರುಚಲು ಗುಡ್ಡ, ಮೂರರಲ್ಲೂ ಅದೇ ಅಳತೆಯ ಚೌಕ ಹಾಕಿದೆವು. ಬಸ್ಸು, ಆಟೋ, ಒಮ್ಮೆ ಗೊಬ್ಬರದ ಟ್ರಾಕ್ಟರು, ಸಿಕ್ಕಿದ್ದನ್ನು ಹತ್ತಿ ಓಡಾಡಿದೆವು. ಅಳತೆ ಮುಗಿಯುವ ಹೊತ್ತಿಗೆ ದಿಂಡಿಗ ಮರಗಳ ಎಲೆ ಕೆಂಪಗಾಗತೊಡಗಿತ್ತು.

ಅಷ್ಟರಲ್ಲಿ ನನ್ನ ಸಹೋದ್ಯೋಗಿಯ ಮನೆ ಸುತ್ತಾಟವೂ ಮುಗಿದಿತ್ತು. ಅವನ ಉತ್ತರ ಬಹಳ ಸ್ಪಷ್ಟವಾಗಿತ್ತು. ಗುಡ್ಡದ ದಕ್ಷಿಣ ಬುಡದಲ್ಲಿ ಒಂದು ಆಲೆಮನೆ ಇದೆ, ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಗುಡ್ಡದ ಮರ ಹೋಗುತ್ತಿರುವುದು ಆ ಆಲೆಯ ಒಲೆಗೆ ಎಂದು ಅವನ ಲೆಕ್ಕ ಹೇಳುತ್ತಿತ್ತು. ನನಗೂ ಅದು ಅಸಹಜ ಅನ್ನಿಸಲಿಲ್ಲ. ಗುಡ್ಡದ ನೆತ್ತಿಯಿಂದ ನೋಡಿದರೆ ಎದ್ದು ಕಾಣುತ್ತಿದ್ದದ್ದೇ ಆ ಹೊಗೆ. ದಾರಿಯಲ್ಲಿ ಸಿಕ್ಕ ಅಧ್ಯಕ್ಷರು ಏನು ಗೊತ್ತಾಯಿತು ಎಂದು ಕೇಳಿದಾಗ ಅವನು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಊರಿನಲ್ಲಿ ಮಾತಿಗೆ ಕಾಲು ಬೇರೆ ಬೇಕೆ? ಮಾರನೆಯ ದಿನವೇ ಆಲೆಮನೆಯ ಯಜಮಾನಿ ನಾವಿದ್ದ ಜಗಲಿಗೆ ಬಂದು ನಿಂತರು.

ಗಂಡ ತೀರಿಹೋದ ಮೇಲೆ ಆಲೆಯನ್ನು ತಾನೇ ನಡೆಸಿಕೊಂಡು ಬಂದ ಹೆಂಗಸು. ದಪ್ಪ ಕನ್ನಡಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲೇ ಜಗಳಕ್ಕೆ ಬಂದದ್ದು ಗೊತ್ತಾಗುತ್ತಿತ್ತು. ಪಂಚಾಯಿತಿ ಮೀಟಿಂಗಿನಲ್ಲಿ ನಮ್ಮ ವರದಿ ಓದಿದ ಮೇಲೆ ಆಲೆಮನೆಯ ಪರವಾನಗಿ ಮುಂದುವರಿಸುವುದಿಲ್ಲ ಎಂದು ಅಧ್ಯಕ್ಷರು ಹೇಳಿ ಕಳಿಸಿದ್ದರಂತೆ. ಕಬ್ಬು ಕಡಿಯಲು ಬಂದು ನಿಂತಿದೆ, ಒಲೆ ಉರಿಸುವವರು, ಪಾಕ ನೋಡುವವರು ಸಂಸಾರ ಸಮೇತ ಬಂದು ಗುಡಿಸಲು ಹಾಕಿದ್ದಾರೆ, ಸುತ್ತಲಿನ ರೈತರು ಇವರನ್ನೇ ನಂಬಿ ಕಾರ್ಖಾನೆಗೆ ಕಬ್ಬು ಕೊಡಲು ಒಪ್ಪಿಲ್ಲ. ಇದನ್ನೆಲ್ಲ ಅವರು ಒಂದೇ ಉಸಿರಿಗೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿದರು.

"ನೀನೂ ನಮ್ಮ ಕಡೇವ್ಳಂತಲ್ಲ. ಬಾ, ನನ್ನೊಲೆ ಬಾಯಿಗೆ ಏನ್ ಆಕ್ತೀನಿ ಅಂತ ನೀನೇ ನೋಡು. ಆ ಗುಡ್ಡದ ಒಂದ್ ಕಡ್ಡಿ ಇದ್ರೆ ಆಲೆ ಕಿತ್ತಾಕ್ಬುಟ್ಟು ಓಯ್ತೀನಿ."

ಹೋದೆ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ಅಂಗಳದ ತುಂಬ ಒಣಹಾಕಿದ್ದರು. ಒಲೆಯ ಮುಂದೆ ಕೂತವನು ಕವೆಗೋಲಿನಿಂದ ಅದನ್ನೇ ಬಾಚಿ ಬಾಚಿ ಒಳಗೆ ತಳ್ಳುತ್ತಿದ್ದ. ಪಕ್ಕದ ರಾಶಿಯಲ್ಲಿ ತೆಂಗಿನ ಗರಿ, ಮಟ್ಟೆ, ಹೊಲದ ಬದುವಿನ ನೀಲಗಿರಿ ಕೊಂಬೆ, ಒಂದು ಹುಣಸೆ ಬೇರು. ರಾಶಿಯನ್ನು ಕೆದಕಿ ನೋಡಿದೆ. ಗುಡ್ಡದ್ದು ಅನ್ನುವ ಮರ ಕಾಣಲಿಲ್ಲ. ಆದರೆ ಒಂದು ದಿನದ ರಾಶಿ ನೋಡಿ ಒಂದು ವರ್ಷಕ್ಕೆ ಸಾಕ್ಷಿ ಹೇಳಲು ಬರುವುದಿಲ್ಲ. ಅದನ್ನು ಅವರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಬೆಲ್ಲದ ಅಚ್ಚಿನ ಪಕ್ಕ ನಿಂತು ಇಷ್ಟು ಕಹಿ ಮಾತು ಆಡಬೇಕಾಗಿ ಬಂದದ್ದಕ್ಕೆ ನನಗೂ ಬೇಜಾರಾಯಿತು. ಅವರು ಮಾತ್ರ ಬಿಸಿ ಬೆಲ್ಲದ ಉಂಡೆಯೊಂದನ್ನು ಬಾಳೆಲೆ ಚೂರಿನಲ್ಲಿ ಹಾಕಿ ನನ್ನ ಕೈಗಿಟ್ಟು, ತಿನ್ನು, ಇದಕ್ಕೂ ವರದಿಗೂ ಸಂಬಂಧ ಇಲ್ಲ ಅಂದರು.

ಅವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂತು ಅಳತೆಗಳನ್ನು ಹರಡಿಕೊಂಡೆ. ಮರಗಳನ್ನು ದಪ್ಪದ ಪ್ರಕಾರ ಗುಂಪು ಮಾಡುವುದು ನನ್ನ ಅಭ್ಯಾಸ. ನೆಮ್ಮದಿಯಾಗಿರುವ ಕಾಡಿನಲ್ಲಿ ಸಣ್ಣವು ಬಹಳ, ನಡುವಿನವು ಅದಕ್ಕಿಂತ ಕಡಿಮೆ, ದೊಡ್ಡವು ಇನ್ನೂ ಕಡಿಮೆ. ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗುತ್ತದೆ. ಹೋಲಿಸಲು ಅಳೆದ ಮೂರು ಕಡೆಯೂ ಹಾಗೇ ಇತ್ತು. ಈ ಗುಡ್ಡದಲ್ಲಿ ನಡುವಿನ ಮೆಟ್ಟಿಲೇ ಮುರಿದಿತ್ತು. ಕೈಬೆರಳ ಗಾತ್ರದವು ಇದ್ದವು, ತಬ್ಬಿದರೂ ಸಿಗದ ದಿಂಡಿಗ, ಬೇಲ ಇದ್ದವು, ತೊಡೆಯ ಗಾತ್ರದವು ಕಾಣೆಯಾಗಿದ್ದವು. ಬೊಡ್ಡೆಗಳ ಅಳತೆ ತೆಗೆದು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ತೊಡೆಯ ಗಾತ್ರದವೇ.

ಒಲೆಗೆ ನಾಲಿಗೆ ಇದೆ, ರುಚಿ ಇಲ್ಲ. ಕೊಟ್ಟದ್ದೆಲ್ಲ ಅದಕ್ಕೆ ಊಟ: ಡೊಂಕು ಕೊಂಬೆ, ಮುಳ್ಳು ಜಾಲಿ, ಬೇರು, ಹೊಟ್ಟು. ಆಲೆಯ ಒಲೆಗೆ ಮರ ಒಯ್ಯುವವನು ಹತ್ತಿರ ಸಿಕ್ಕಿದ್ದನ್ನು ಕಡಿಯುತ್ತಾನೆ, ರೆಂಬೆ ಕೊಂಬೆ ಬಿಡದೆ ಹೊರುತ್ತಾನೆ. ಈ ಗುಡ್ಡದಲ್ಲಿ ರೆಂಬೆಗಳನ್ನೆಲ್ಲ ಸವರಿ ಬೊಡ್ಡೆಯ ಪಕ್ಕದಲ್ಲೇ ಬಿಟ್ಟು ಹೋಗಿದ್ದರು. ನೆಟ್ಟಗಿನ ಕಾಂಡ ಮಾತ್ರ ಹೋಗಿತ್ತು. ಕಡಿದವರಿಗೆ ಒಂದು ಆಯ್ಕೆ ಇತ್ತು, ಒಂದು ಅಳತೆ ಇತ್ತು. ಸೌದೆಗೆ ಯಾರೂ ಇಷ್ಟು ಸೊಗಸು ಮಾಡುವುದಿಲ್ಲ.

ಸಹೋದ್ಯೋಗಿಗೆ ತೋರಿಸಿದೆ. ಅವನು ತಲೆ ತುರಿಸಿಕೊಂಡ.

"ನಾ ಕೇಳಿದ್ದ ಹಂಗ ಬರದೀನ್ರೀ ಮೇಡಂ. ಗುಡ್ಡದಾಗಿಂದ ಯಾವ ಮರ ಹೊಕ್ಕಾವು ಅಂತ ಕೇಳಿದೆ. ಮನಿ ಮನಿಯಾಗೂ ಒಂದ ಉತ್ತರ ಬಂತು."

ಆ ಉತ್ತರ ಏನೆಂದು ನಾನು ಆ ಗಳಿಗೆಯಲ್ಲಿ ಕೇಳಬಹುದಿತ್ತು. ತಲೆಯೆಲ್ಲ ಬೊಡ್ಡೆಯ ಮೇಲಿತ್ತು, ಕೊಡೆ ತೆಗೆದುಕೊಂಡು ಗುಡ್ಡಕ್ಕೇ ಹೊರಟೆ.

ಉತ್ತರದ ಇಳಿಜಾರಿನಲ್ಲಿ ಕೊಡಲಿಯ ಸದ್ದು ಕೇಳಿಸಿತು. ಲುಂಗಿ ಎತ್ತಿ ಕಟ್ಟಿದ ನಡುವಯಸ್ಸಿನವನೊಬ್ಬ ಕದ್ದುಮುಚ್ಚದೆ ಹಾಡಹಗಲೇ ಆರಾಮವಾಗಿ ಕಡಿಯುತ್ತಿದ್ದ. ಅವನ ತಮ್ಮ ಕಡಿದ ತುಂಡುಗಳನ್ನು ಹಗ್ಗ ಹಾಕಿ ಕಟ್ಟುತ್ತಿದ್ದ. ನನ್ನನ್ನು ಕಂಡು ತಮ್ಮ ಗಾಬರಿಯಾಗಿ ಎದ್ದು ನಿಂತ. ಅಣ್ಣ, "ಕೂತ್ಕಳ್ಲಾ ಸುಮ್ಕೆ. ಮರ ಎಣಸೋ ಅವ್ವ ಕಣ್ಲಾ, ಇಡ್ಕೊಂಡ್ ಓಗೋರಲ್ಲ" ಎಂದು ಅವನನ್ನು ಕೂರಿಸಿದ. ಏನು ಕಡಿಯುತ್ತಿದ್ದೀರಿ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು.

"ಆಲೆ ಮರ ಕಣವ್ವ. ಊರ್ಗೇ ಗೊತ್ತಲ್ಲ. ನಿಮ್ಮ ಜೊತೆ ಇರೋ ಆ ಪೆನ್ನಿನವ್ರಿಗೂ ಯೋಳಿವ್ನಿ."

ಅವನ ಕಾಲ ಬಳಿ ಬಿದ್ದಿದ್ದ ಕಾಂಡದ ಕಡಿದ ತುದಿಯಿಂದ ಬಿಳಿ ಹಾಲು ಸುರಿದು ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ರೆಂಬೆಯಲ್ಲಿ ಜೋಡಿ ಜೋಡಿ ಕಾಯಿ, ತುದಿಯಲ್ಲಿ ಎರಡೂ ಅಂಟಿಕೊಂಡು ಇಕ್ಕಳದ ಹಾಗೆ ನೇತಾಡುತ್ತಿತ್ತು. ಹಾಲೆ ಮರ! ಮೆತ್ತಗಿನ, ಬೆಳ್ಳಗಿನ, ನಾರು ಸಣ್ಣಗಿರುವ ಮರ. ತಿರುಗಣೆಯಲ್ಲಿ ಗೊಂಬೆ, ಬುಗುರಿ, ಬಟ್ಟಲು ಕಡೆಯುವವರಿಗೆ ಇದರಷ್ಟು ಹೇಳಿ ಮಾಡಿಸಿದ ಮರ ಇನ್ನೊಂದಿಲ್ಲ. ಒಲೆಗೆ ಹಾಕಿದರೆ ಭಸ್ ಅಂತ ಉರಿದು ಹೋಗುತ್ತದೆ, ಯಾವ ಆಲೆಮನೆಯವರೂ ಇದಕ್ಕಾಗಿ ಗುಡ್ಡ ಹತ್ತುವುದಿಲ್ಲ. ಯಾರಿಗೆ ಕೊಡುತ್ತೀರಿ ಎಂದೆ. ಗೊಂಬೆ ಮಾಡೋರಿಗೆ, ವಾರಕ್ಕೊಂದು ಟೆಂಪೋ ಬರುತ್ತೆ ಅಂದ. ಇದನ್ನು ನನ್ನ ಜೊತೆಯವರಿಗೂ ಹೇಳಿದಿರಾ? ಅವರು ಅದನ್ನು ಕೇಳಲಿಲ್ಲ ಅಂದ.

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇಡೀ ಊರು ನಿಜವನ್ನೇ ಹೇಳಿತ್ತು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಊರವರ ಬಾಯಿಂದ ಧಾರವಾಡದ ಕಿವಿಗೆ ಹೋಗುವ ದಾರಿಯಲ್ಲಿ ಒಂದು ಹಕಾರ ಬಿದ್ದುಹೋಗಿತ್ತು, ಅದರ ಬೆಲೆಯನ್ನು ಕಟ್ಟಬೇಕಾಗಿದ್ದದ್ದು ಮಾತ್ರ ಆಲೆಮನೆಯ ಹೆಂಗಸು.

ಜಗಲಿಗೆ ಬಂದವಳೇ ಸಹೋದ್ಯೋಗಿಯನ್ನು ಕೂರಿಸಿಕೊಂಡೆ. ಈ ಮನೆ ಅಜ್ಜಿ ನಿಮಗೆ ಮೊದಲ ದಿನ ಏನು ಕುಡಿಯಲು ಕೊಟ್ಟರು ಎಂದು ಕೇಳಿದೆ. ಹಾಲು ಅಂದ. ಅವರು ಅದನ್ನು ಏನೆಂದು ಕರೆದರು? ಅವನು, "ಆಲು" ಎಂದು ಬಾಯಿ ತೆರೆದವನು ಹಾಗೇ ಉಳಿದ. ತನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಬಂದ ಹೊಸದರಲ್ಲಿ ಅವನು ಕಲಿತ ನಮ್ಮ ಸೀಮೆಯ ಪದ ಆಲೆಮನೆ. ಅವರ ಕಡೆ ಅದಕ್ಕೆ ಗಾಣ ಅನ್ನುತ್ತಾರೆ. ಹೊಸ ಪದ ಸಿಕ್ಕ ಖುಷಿಯಲ್ಲಿ ಆಮೇಲೆ ಕೇಳಿದ ಆಲೆಯೆಲ್ಲ ಅವನಿಗೆ ಬೆಲ್ಲದ ಆಲೆಯೇ ಆಗಿತ್ತು. ಯಾವ ಮರ ಎಂದರೆ ಆಲೆ ಮರ ಅಂದಿದ್ದರು, ಸರಿ, ಯಾವುದಕ್ಕೆ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರ ಬಂತೆಂದು ಮುಂದಿನ ಮನೆಗೆ ಹೋಗಿದ್ದ. ಪಾಪ, ಅವನು ಹಾಳೆಗಳನ್ನು ಮತ್ತೆ ಜೋಡಿಸಿಕೊಂಡ. ಆಮೇಲೆ, "ನಾ ಎಲ್ಲಾ ಮನೀಗೂ ಮತ್ತ ಹೋಗಿ ಬರ್ತೀನ್ರೀ" ಎಂದು ಚಪ್ಪಲಿ ಮೆಟ್ಟಿಕೊಂಡ.

ಅವನು ಮನೆಗಳಿಗೆ ಹೋದರೆ ನಾನು ಬೊಡ್ಡೆಗಳಿಗೆ ಹೋಗಬೇಕಿತ್ತು. ಒಬ್ಬ ಕಡಿಯುವವನ ಮಾತು, ಒಂದು ಪದದ ತಿದ್ದುಪಡಿ, ಇಷ್ಟನ್ನೇ ಹಿಡಿದು ಮೀಟಿಂಗಿನಲ್ಲಿ ನಿಂತರೆ ಯಾರು ನಂಬುತ್ತಾರೆ? ಆಲೆಮನೆಯ ಬೆಲ್ಲ ತಿಂದು ಬಂದಿದ್ದಾಳೆ ಅನ್ನುತ್ತಾರೆ. ತಿಂದದ್ದೂ ನಿಜವೇ. ಬೊಡ್ಡೆಗಳ ದಪ್ಪ ನನ್ನಲ್ಲಿತ್ತು, ಜಾತಿ ಇರಲಿಲ್ಲ. ಒಣಗಿದ ಬೊಡ್ಡೆಯ ಜಾತಿ ಗುರುತಿಸುವುದು ಕಷ್ಟವೆಂದು ಇಂಥ ಸಮೀಕ್ಷೆಗಳಲ್ಲಿ ಬಿಟ್ಟುಬಿಡುವುದು ವಾಡಿಕೆ. ಮೀಟಿಂಗಿನ ದಿನ ಹತ್ತಿರ ಬಂದಿತ್ತು. ನಮ್ಮ ಮುಖ್ಯಸ್ಥರಿಗೆ ಫೋನು ಮಾಡಿ, ಪ್ರತಿ ಬೊಡ್ಡೆಯ ಜಾತಿ ತಿಳಿಯದೆ ವರದಿಗೆ ಸಹಿ ಹಾಕುವುದಿಲ್ಲ, ಮೀಟಿಂಗನ್ನು ಮುಂದಕ್ಕೆ ಹಾಕಿಸಿ ಎಂದೆ. ಅವರು ಇಲಾಖೆಯವರ ಮುಂದೆ ನಮ್ಮ ಮಾತು ಹೋಗುತ್ತದಲ್ಲ ಎಂದು ಗೊಣಗಿದರು. ಹೋಗಲಿ, ಆಲೆ ಹೋಗುವುದಕ್ಕಿಂತ ವಾಸಿ ಅಂದೆ. ಇಂಥ ವಿಷಯದಲ್ಲಿ ನನ್ನದು ಸ್ವಲ್ಪ ಮೊಂಡುತನವೇ. ಸ್ವಲ್ಪ ಹೊತ್ತಿನ ಮೇಲೆ ಅವರೇ ಫೋನು ಮಾಡಿ ಇಲಾಖೆಯವರು ಒಪ್ಪಿದ್ದಾರೆ ಅಂದರು.

ಮತ್ತೆ ಹಗ್ಗ, ಮತ್ತೆ ರೋಜವಾಳ. ಈ ಸಲ ಪ್ರತಿ ಬೊಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಚಿಗುರಿದ್ದರೆ ಸುಲಭ: ಒಂದು ಎಲೆ ಕಿತ್ತರೆ ಹಾಲು ಬರುತ್ತದೋ ಇಲ್ಲವೋ, ಎಲೆಗಳು ಎದುರುಬದುರು ಇವೆಯೋ ಇಲ್ಲವೋ ನೋಡಿದರೆ ಸಾಕು. ಸತ್ತ ಬೊಡ್ಡೆಯನ್ನು ಚಾಕುವಿನಿಂದ ಕೆತ್ತಿ ಒಳಗಿನ ಬಣ್ಣ, ನಾರು ನೋಡಬೇಕು. ಕಗ್ಗಲಿಯ ತಿರುಳು ಕೆಂಪು, ದಿಂಡಿಗದ್ದು ಚಾಕು ಮೊಂಡಾಗುವಷ್ಟು ಗಟ್ಟಿ. ಹಾಲೆ ದಂತದ ಹಾಗೆ ಬೆಳ್ಳಗೆ. ಗೆದ್ದಲು ತಿಂದು ಮುಗಿಸಿದ್ದನ್ನು 'ತಿಳಿಯದು' ಎಂದೇ ಬರೆದೆ. ಕೆಲಸ ಮುಗಿಯುವಾಗ ಅನುಮಾನಕ್ಕೆ ಜಾಗವಿರಲಿಲ್ಲ. ಗುರುತು ಸಿಕ್ಕ ಬೊಡ್ಡೆಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಹಾಲೆ. ಮನೆಮನೆಗೆ ಮತ್ತೆ ಹೋಗಿ ಬಂದವನ ಉತ್ತರವೂ ಅದೇ; ಈ ಸಲ ಅವನು ಹಾಲೆಯ ಒಂದು ರೆಂಬೆಯನ್ನೇ ಕೈಯಲ್ಲಿ ಹಿಡಿದು ಹೋಗಿದ್ದ.

ಆಲೆಮನೆ ಉಳಿಯಿತು ಎಂದು ಹಿಗ್ಗಿದೆ. ಗುಡ್ಡದ ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು. ಕಡಿಯುವ ಅಣ್ಣ ತನ್ನ ವಾದವನ್ನು ನನ್ನ ಮುಂದೆ ಇಟ್ಟಿದ್ದ, ಅದು ತೆಗೆದುಹಾಕುವಂಥದ್ದಾಗಿರಲಿಲ್ಲ.

"ನಾವು ಒಂದೇ ಜಾತಿ ಕಡಿಯೋದು ಕಣವ್ವ. ಬೇರೇದು ಮುಟ್ಟಾಕಿಲ್ಲ, ಎಳೇದು ಮುಟ್ಟಾಕಿಲ್ಲ. ಕಡಿದ್ರೂ ಬೊಡ್ಡೆ ಚಿಗುರ್ತದೆ. ಗುಡ್ಡ ಅಸಿರಾಗೇ ಅದೆಯಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡ ಮರಗಳ ಜಾತಿಗಳನ್ನು ಎಣಿಸಿದರೆ ಈ ಗುಡ್ಡ ಕರಿಘಟ್ಟದ ಇಳಿಜಾರಿಗೆ ಏನೂ ಕಡಿಮೆಯಿರಲಿಲ್ಲ. ಹಾಲೆಯ ಬೊಡ್ಡೆಗಳೂ ಚಿಗುರಿದ್ದವು. ಆದರೆ ಚಿಗುರು ಮರವಾಗುತ್ತಿರಲಿಲ್ಲ. ಒಂದು ಕಾಂಡವಿದ್ದ ಕಡೆ ಹತ್ತಾರು ಸಣಕಲು ಕಡ್ಡಿ ಎದ್ದು ಪೊದೆಯಾಗಿ, ಅದರಲ್ಲಿ ದಪ್ಪನಾದದ್ದನ್ನು ಮತ್ತೆ ಇವನೇ ಕಡಿದಿದ್ದ. ಕಾಯಿ ಬಿಡುವ ವಯಸ್ಸಿನವು ಹೋದ ಮೇಲೆ ಬೀಜ ಎಲ್ಲಿಂದ ಬರಬೇಕು? ಇದಕ್ಕಿಂತ ದೊಡ್ಡ ಏಟು ಬೇರೆಯವಕ್ಕೆ ಬಿದ್ದಿತ್ತು. ಹಾಲೆ ಹೋದ ಕಡೆಯೆಲ್ಲ ಮೇಲೆ ಕಿಂಡಿ ಬಿದ್ದು, ಬಿಸಿಲು ಸುರಿದು, ಆ ಬಿಸಿಲಿಗೆ ರೋಜವಾಳ ನುಗ್ಗಿತ್ತು. ಅಂಥ ಚೌಕಗಳಲ್ಲಿ ಪುಟ್ಟ ಸಸಿಗಳನ್ನು ಎಣಿಸಿದಾಗ ಬಿಕ್ಕೆ ಇಲ್ಲ, ಕಕ್ಕೆ ಇಲ್ಲ, ದಿಂಡಿಗವೂ ಒಂದೋ ಎರಡೋ. ಕಡಿದದ್ದು ಒಂದು ಜಾತಿ, ಸಸಿಯಲ್ಲೇ ಕಾಣೆಯಾಗುತ್ತಿದ್ದದ್ದು ನಾಲ್ಕಾರು ಜಾತಿ. ಮುದಿ ಮರಗಳು ನಿಂತಿರುವವರೆಗೆ ಗುಡ್ಡ ಹಸಿರಾಗಿ ಕಾಣುತ್ತದೆ, ಅವು ಒಂದೊಂದಾಗಿ ಬೀಳುವಾಗ ಆ ಜಾಗಕ್ಕೆ ನಿಲ್ಲುವವರಿಲ್ಲ.

ಮೀಟಿಂಗು ಶಾಲೆಯ ಕೋಣೆಯಲ್ಲಿ ನಡೆಯಿತು. ಅಧ್ಯಕ್ಷರು, ಇಲಾಖೆಯವರು ಮುಂದೆ, ಊರವರು ಬೆಂಚಿನ ಮೇಲೆ. ಆಲೆಮನೆಯ ಯಜಮಾನಿ ಬಾಗಿಲ ಪಕ್ಕದಲ್ಲಿ, ಏನಾದರೂ ಆದರೆ ಎದ್ದು ಹೋಗುವವರ ಹಾಗೆ ಕೂತಿದ್ದರು. ನಾನು ಕರಿಹಲಗೆಯ ಮೇಲೆ ಎರಡು ಪದ ಬರೆದೆ: ಆಲೆ, ಹಾಲೆ. ಹಿಂದಿನ ಬೆಂಚಿನವರೊಬ್ಬರನ್ನು ಎರಡನ್ನೂ ಓದಿ ಅಂದೆ. ಅವರು ಗಂಟಲು ಸರಿಮಾಡಿಕೊಂಡು, "ಆಲೆ, ಆಲೆ" ಎಂದು ಓದಿದರು. ಕೋಣೆಯೆಲ್ಲ ನಕ್ಕಿತು. ನಗುತ್ತಿದ್ದ ಅಧ್ಯಕ್ಷರು ಅರ್ಧಕ್ಕೇ ನಗು ನಿಲ್ಲಿಸಿದರು. ವಿಷಯ ಅವರಿಗೆ ಹೊಳೆದಿತ್ತು. ಸಹೋದ್ಯೋಗಿ ತಾನೇ ಎದ್ದು, ಕೇಳಿಸಿಕೊಂಡದ್ದರಲ್ಲಿ ಎಡವಟ್ಟಾದದ್ದು ತನ್ನಿಂದ ಎಂದು ನೇರವಾಗಿ ಹೇಳಿದ. ಬೊಡ್ಡೆಗಳ ಲೆಕ್ಕವನ್ನು ನಾನು ಮುಂದಿಟ್ಟೆ. ಆಲೆಮನೆಗೂ ಈ ಗುಡ್ಡಕ್ಕೂ ಸಂಬಂಧವಿಲ್ಲ ಎಂದು ಬರೆಸಿಕೊಂಡ ಮೇಲೆಯೇ ಮುಂದಿನ ಮಾತು ತೆಗೆದೆ.

ಆಗ ಕೋಣೆ ಎರಡು ಪಾಲಾಯಿತು. ಇಲಾಖೆಯವರು ಇನ್ನು ಮೇಲೆ ಯಾರೂ ಕೊಡಲಿ ಎತ್ತುವಂತಿಲ್ಲ ಅಂದರು. ಅಧ್ಯಕ್ಷರು ಗುಡ್ಡ ಹಸಿರಾಗಿಯೇ ಇದೆಯಲ್ಲ ಎಂಬ ಹಳೆಯ ಪಲ್ಲವಿಗೇ ಬಂದರು. ಕೊಡಲಿಯ ಅಣ್ಣ ತಲೆ ತಗ್ಗಿಸಿ ಕೂತಿದ್ದ. ಈ ಊರಿನವರಿಗೆ ಸುತ್ತಳತೆಯ ಮೆಟ್ಟಿಲು ಹೇಳಿ ಪ್ರಯೋಜನವಿರಲಿಲ್ಲ. ಡೈರಿಗೆ ಹಾಲು ಹಾಕುವ ಊರು ಅದು.

"ನಿಮ್ಮ ಕೊಟ್ಟಿಗೇಲಿ ಮುದಿ ಎಮ್ಮೆ ಅವೆ, ಪುಟ್ಟ ಕರು ಅವೆ. ಕರೆಯೋ ಎಮ್ಮೆ ಒಂದೂ ಇಲ್ಲ. ಬಾಗ್ಲಲ್ಲಿ ನಿಂತ್ಕೊಂಡು ನೋಡಿದ್ರೆ ಕೊಟ್ಟಿಗೆ ತುಂಬಿರ್ತದೆ. ನಾಳೆ ಡೈರಿಗೆ ಏನ್ ಆಕ್ತೀರಿ?" ಎಂದೆ. ನನ್ನ ಬಾಯಲ್ಲೂ ಹಕಾರ ಬಿದ್ದುಹೋದದ್ದು ನನಗೆ ಆಮೇಲೆ ಗೊತ್ತಾಯಿತು.

ಯಾರೂ ನಗಲಿಲ್ಲ. ಕೊಡಲಿಯ ಅಣ್ಣ ಮೊದಲ ಸಲ ತಲೆಯೆತ್ತಿ, ಹಾಗಾದರೆ ಎಷ್ಟು ಬಿಡಬೇಕು ಎಂದು ಕೇಳಿದ. ಅಲ್ಲಿಂದ ಮಾತು ಕೆಲಸದ ಮಾತಾಯಿತು. ಇನ್ನೂ ಉಳಿದಿರುವ, ಕಾಯಿ ಬಿಡುವ ಹಾಲೆಗಳಲ್ಲಿ ಗಟ್ಟಿಯಾದವನ್ನು ತಾಯಿಮರವೆಂದು ಗುರುತು ಮಾಡಿ ಮುಟ್ಟದೆ ಬಿಡುವುದು. ಬೊಡ್ಡೆಗೆ ಒಂದು ಚಿಗುರನ್ನು ಉಳಿಸಿ ಮಿಕ್ಕಿದ್ದನ್ನು ಸವರುವುದು. ಉತ್ತರದ ಇಳಿಜಾರಿಗೆ ಕೆಲವು ವರ್ಷ ಪೂರ್ತಿ ವಿಶ್ರಾಂತಿ. ಕಿಂಡಿ ಬಿದ್ದ ಕಡೆಯ ರೋಜವಾಳವನ್ನು ಕಡಿಯುವವರೇ ಕಿತ್ತು ಕೊಡುವುದು. ಇಲಾಖೆಯವರು ಪ್ರಯೋಗಕ್ಕೆಂದು ಒಪ್ಪಿದರು. ಕಾಡನ್ನು ಉಳಿಸಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ, ಆದರೆ ಅವತ್ತು ಆ ಕೋಣೆಯಿಂದ ಹೊರಬಂದಾಗ ಕೆಲಸ ನೆಟ್ಟಗೆ ಮಾಡಿದ್ದೇನೆ ಎಂಬ ಖುಷಿ ಇತ್ತು.

ತಾಯಿಮರಕ್ಕೆ ಏನು ಗುರುತು ಹಾಕುವುದು ಎಂಬ ಪ್ರಶ್ನೆ ಬಂದಾಗ ಬಾಗಿಲ ಪಕ್ಕದಿಂದ ಆಲೆಮನೆಯ ಯಜಮಾನಿ ಎದ್ದರು.

"ಆ ಅಕ್ಸರನೇ ಬರೀರಿ. ನಾನೇ ಬರೀತೀನಿ. ಅದೊಂದು ಇಲ್ದೆ ನನ್ನೊಲೆ ಆರೋಗ್ತಿತ್ತು."

ಮಾರನೆಯ ಬೆಳಿಗ್ಗೆ ಕಬ್ಬಿನ ಹಾಲು ತಿಳಿಯಾಗಲೆಂದು ಹಾಕುವ ಸುಣ್ಣವನ್ನೇ ಬಕೆಟ್ಟಿನಲ್ಲಿ ಕಲಸಿಕೊಂಡು, ಬ್ರಷ್ಷು ಹಿಡಿದು ಅವರು ಗುಡ್ಡ ಹತ್ತಿದರು. ಸುಣ್ಣ ಮಳೆಗೆ ನಿಲ್ಲುವುದಿಲ್ಲ, ಪೇಂಟು ತರಿಸುತ್ತೇನೆ ಎಂದೆ. "ಓದ್ರೆ ಓಗ್ಲಿ, ಮತ್ತೆ ಬರೀತೀನಿ" ಅಂದರು. ನಾನು ತೋರಿಸಿದ ಒಂದೊಂದು ಮರದ ಮೇಲೂ ಎದೆಮಟ್ಟದಲ್ಲಿ, ಒಂದು ಗೇಣು ಎತ್ತರದ, ದುಂಡನೆಯ 'ಹ' ಬಿತ್ತು. ಬರೆದು ಹಿಂದೆ ಸರಿದು, ಕನ್ನಡಕ ಸರಿಮಾಡಿಕೊಂಡು ನೋಡಿ, ಬಾಲ ಸರಿಯಿಲ್ಲ ಅನ್ನಿಸಿದರೆ ತಿದ್ದುತ್ತಿದ್ದರು.

ಮುಂದಿನ ವರ್ಷ ಅದೇ ಕಾಲಕ್ಕೆ ಮರು ಅಳತೆಗೆ ಹೋದ ನಾನು ಸುಣ್ಣವೆಲ್ಲ ತೊಳೆದು ಹೋಗಿರುತ್ತದೆ, ಮರಗಳನ್ನು ಹುಡುಕಬೇಕು ಎಂದುಕೊಂಡೇ ಹೋಗಿದ್ದೆ. ಕೆಳಗೆ ಆಲೆಮನೆಯ ಹೊಗೆ ಏಳುತ್ತಿತ್ತು. ಗುಡ್ಡದ ಮೇಲೆ ಅಕ್ಷರಗಳು ಮೊನ್ನೆ ಬರೆದಷ್ಟು ಬೆಳ್ಳಗಿದ್ದವು. ಕೊಡಲಿಯ ಅಣ್ಣ ರೋಜವಾಳ ಕೀಳುತ್ತಿದ್ದವನು ನನ್ನನ್ನು ಕಂಡು ಎದ್ದು ಬಂದ. ನಾನು ಕೇಳುವ ಮೊದಲೇ ಶುರುಮಾಡಿದ.

"ಆಲೆಮನೆ ಅವ್ವ ಮಳೆ ನಿಂತ್ಮೇಲೆ ಮತ್ತೆ ಬಂದು ಬರ್ದವ್ರೆ. 'ಅ' ಅಂತ ಬರ್ದಿರೋದು ಒಂದೂ ಮುಟ್ಟಿಲ್ಲ ಕಣವ್ವ, ಬೇಕಾದ್ರೆ ಎಣಿಸ್ಕೊ."

ಏನಂತ ಬರೆದಿರೋದು ಎಂದು ಮತ್ತೊಮ್ಮೆ ಕೇಳಿದೆ.

"'ಅ' ಕಣವ್ವ. ಓದಿರೋರು ನೀವು, ನಿಮ್ಗೆ ಗೊತ್ತಿಲ್ವಾ?"

ನಾನು ತಿದ್ದಲು ಹೋಗಲಿಲ್ಲ. ಎಣಿಸಿದೆ, ಎಲ್ಲವೂ ನಿಂತಿದ್ದವು. ಮೊದಲನೆಯ ಮರಕ್ಕೆ ಟೇಪು ಸುತ್ತಿ ಆ ಬಿಳಿ ಅಕ್ಷರದ ಮೇಲೆಯೇ ಅಳತೆ ಹಿಡಿದೆ. ಹೋದ ವರ್ಷಕ್ಕಿಂತ ಒಂದು ಬೆರಳಿನಷ್ಟು ಹೆಚ್ಚಿತ್ತು.